ಒಕ್ಕದ ಕೋವಿ

ಸಂಸ್ಥೆಯೊಂದರ ಚರಿತ್ರೆಯನ್ನು ಸ್ಮರಣ ಸಂಚಿಕೆಗಾಗಿ ಬರೆಯಲು ಕುಳಿತವನು ಮೊದಲು ಹುಡುಕತಕ್ಕವು ಮೂರು: ಸ್ಥಾಪನೆಯ ದಿನಾಂಕ, ಪ್ರಥಮಾಧ್ಯಕ್ಷರ ಭಾವಚಿತ್ರ, ಗೆದ್ದಲಿನ ಬಾಯಿಗೆ ಬೀಳದೆ ಉಳಿದ ನಡವಳಿ ಪುಸ್ತಕ. ಈ ಲೇಖನದ ವಿಷಯವಾದ ಸಂಸ್ಥೆಗೆ ಈ ಮೂರರಲ್ಲಿ ಒಂದೂ ಇಲ್ಲ. ಕೊಡಗಿನ ಮನೆಗಳಲ್ಲಿ ಪರವಾನಿಗೆಯ ಹಂಗಿಲ್ಲದೆ, ಹಾಗಿದ್ದೂ ಕಾನೂನಿನ ಪೂರ್ಣ ಸಮ್ಮತಿಯಿಂದ, ತಲೆಮಾರಿನಿಂದ ತಲೆಮಾರಿಗೆ ಸಂದುಬಂದಿರುವ ಕೋವಿಯೇ ಆ ಸಂಸ್ಥೆ. ಮರ ಲೋಹಗಳಿಂದಾದ ಒಂದು ಆಯುಧವನ್ನು ಸಂಸ್ಥೆಯೆಂದು ಕರೆಯುವುದು ಉತ್ಪ್ರೇಕ್ಷೆಯಾಯಿತೆಂದು ಓದುಗರು ನಗಬಹುದು. ಆದರೆ ಯಾವುದಕ್ಕೆ ತನ್ನವರಾರು, ಹೊರಗಿನವರಾರು ಎಂಬ ನಿಯಮವುಂಟೋ, ವರ್ಷಕ್ಕೊಮ್ಮೆ ತಪ್ಪದೆ ನಡೆಯುವ ಉತ್ಸವವುಂಟೋ, ಹಿರಿಯರ ಕೈಯಿಂದ ಕಿರಿಯರ ಕೈಗೆ ಅಧಿಕಾರ ದಾಟುವ ವಿಧಿಯುಂಟೋ, ಸರಕಾರದೊಡನೆ ಒಂದೂವರೆ ಶತಮಾನಕ್ಕೂ ಮಿಕ್ಕಿದ ಪತ್ರವ್ಯವಹಾರವುಂಟೋ, ಅದನ್ನು ಸಂಸ್ಥೆಯೆನ್ನದೆ ಬೇರೆ ಏನೆಂದು ಕರೆಯೋಣ?

ಕೊಡವರಲ್ಲಿ ‘ಒಕ್ಕ’ವೆಂದರೆ ಒಬ್ಬ ಮೂಲಪುರುಷನಿಂದ ಇಳಿದುಬಂದವರೆಲ್ಲರೂ ಸೇರಿದ ಕುಲ, ಆ ಕುಲದ ಮೂಲಗೃಹ ‘ಐನ್‌ಮನೆ’. ಕೊಡವ ಭಾಷೆಯಲ್ಲಿ ಕೋವಿಯ ಹೆಸರು ‘ತೋಕ್’. ಒಡಿಕತ್ತಿ ಪೀಚೆಕತ್ತಿಗಳ ಜೊತೆಯಲ್ಲಿ ಈ ತೋಕಿಗೂ ಐನ್‌ಮನೆಯಲ್ಲಿ ಒಂದು ನಿಯತವಾದ ಸ್ಥಾನವುಂಟು. ಇಂದು ಕೋವಿಗಳು ಸರಕಾರಿ ಕಾಗದಗಳಲ್ಲಿ ಒಬ್ಬೊಬ್ಬ ವ್ಯಕ್ತಿಯ ಹೆಸರಿನಲ್ಲಿ ನಮೂದಾಗಿವೆ, ನಿಜ. ಆದರೆ ಮನೆಯವರ ಮಾತಿನ ಧೋರಣೆಯನ್ನು ಕಿವಿಗೊಟ್ಟು ಕೇಳಿದರೆ ಅದು ಒಬ್ಬನ ಸೊತ್ತಲ್ಲ, ಒಕ್ಕದ ಒಬ್ಬ ಹಿರಿಯ ಸದಸ್ಯನೆಂಬ ಭಾವವೇ ತೋರುವುದು. ಕೋವಿಯ ಬೆಲೆಯನ್ನು ಹೇಳುವವರು ವಿರಳ. ಅದು ಯಾವ ಅಜ್ಜನ ಕೈಯಲ್ಲಿತ್ತೆಂಬುದನ್ನು ಹೇಳದವರು ಇನ್ನೂ ವಿರಳ.

ಈ ಭಾವದ ಬೇರು ಮಣ್ಣಿನಲ್ಲಿದೆ. ಹಾಲೇರಿಯ ಅರಸರು ಕೊಡಗನ್ನಾಳುತ್ತಿದ್ದ ಕಾಲದಲ್ಲಿ ‘ಜಮ್ಮಾ’ ಎಂಬ ಹಿಡುವಳಿಯ ಪದ್ಧತಿಯಿತ್ತು. ಜಮ್ಮಾ ಭೂಮಿ ವಂಶಪಾರಂಪರ್ಯವಾಗಿ ಒಕ್ಕದಲ್ಲಿಯೇ ನಿಲ್ಲತಕ್ಕದ್ದು. ಅದನ್ನು ಮನಬಂದಂತೆ ಮಾರುವಂತಿರಲಿಲ್ಲ. ‘ಸಾಗು’ ಎಂಬ ಸಾಮಾನ್ಯ ಹಿಡುವಳಿಯ ಭೂಮಿಗೆ ನೂರು ಭಟ್ಟಿಯ ಅಳತೆಗೆ 10 ರೂಪಾಯಿ ಕಂದಾಯವಾದರೆ ಜಮ್ಮಾ ಭೂಮಿಗೆ 5 ರೂಪಾಯಿ ಮಾತ್ರ. ಉಳಿದ ಅರ್ಧವನ್ನು ರೈತನು ನಾಣ್ಯದಲ್ಲಲ್ಲ, ದೇಹದಲ್ಲಿ ಸಲ್ಲಿಸತಕ್ಕವನಾಗಿದ್ದನು: ಅರಸನಿಂದ ಕರೆ ಬಂದೊಡನೆ ತನ್ನ ಆಯುಧದೊಡನೆ ಬಂದು ನಿಲ್ಲುವುದು ಅವನ ಕರ್ತವ್ಯ. ಹೀಗೆ ಗದ್ದೆಗೂ ಕೋವಿಗೂ ಒಂದೇ ಸನ್ನದಿನಲ್ಲಿ ಗಂಟುಬಿತ್ತು. ನೇಗಿಲು ಹಿಡಿಯುವ ಕೈ ಬೇರೆ, ಕೋವಿ ಹಿಡಿಯುವ ಕೈ ಬೇರೆಯೆಂಬ ವಿಭಾಗವೇ ಇಲ್ಲದ ಆ ವ್ಯವಸ್ಥೆಯಲ್ಲಿ ಆಯುಧವಿಲ್ಲದ ರೈತನೆಂದರೆ ಕಂದಾಯ ಬಾಕಿಯಿಟ್ಟುಕೊಂಡ ರೈತನಂತೆಯೇ ಸರಿ. ದೊಡ್ಡವೀರರಾಜೇಂದ್ರನು ಟಿಪ್ಪುವಿಗೆದುರಾಗಿ ಇಂಗ್ಲಿಷರ ಪಕ್ಷವನ್ನು ವಹಿಸಿ, 1791ರಲ್ಲಿ ಅಬರ್‌ಕ್ರೋಂಬಿಯ ಮುಂಬಯಿ ಸೇನೆಗೆ ಶ್ರೀರಂಗಪಟ್ಟಣದತ್ತ ಸಾಗಲು ತನ್ನ ಘಟ್ಟದ ದಾರಿಯನ್ನು ತೆರೆದುಕೊಟ್ಟಾಗ ಅವನ ಬೆನ್ನಿಗಿದ್ದುದು ಈ ಜಮ್ಮಾ ರೈತರ ಬಲವೇ.

1834ರಲ್ಲಿ ಕಂಪೆನಿ ಸರಕಾರವು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಅರಸು ಹೋದನು, ಜಮ್ಮಾ ಉಳಿಯಿತು, ಅದರೊಡನೆ ಕೋವಿಯೂ ಉಳಿಯಿತು. ಮೂರು ವರ್ಷಗಳ ತರುವಾಯ, 1837ರಲ್ಲಿ, ಸುಳ್ಯ ಪುತ್ತೂರುಗಳ ಕಡೆಯಿಂದ ಎದ್ದ ಬಂಡಾಯವು ಮಂಗಳೂರನ್ನೇ ಕೆಲವು ದಿನಗಳ ಮಟ್ಟಿಗೆ ಹಿಡಿದುಕೊಂಡಿತಷ್ಟೆ. ಅದನ್ನು ಅಡಗಿಸುವುದರಲ್ಲಿ ಕೊಡಗಿನ ದಿವಾನರೂ ಅನೇಕ ಕೊಡವ ಪ್ರಮುಖರೂ ಕಂಪೆನಿಗೆ ಒತ್ತಾಸೆಯಾಗಿ ನಿಂತರು. ಅವರಿಗೆ ಜಹಗೀರುಗಳು ದೊರೆತವು. ಚಿನ್ನದ ಹಾಗೂ ಬೆಳ್ಳಿಯ ಪದಕಗಳು ದೊರೆತವು. ಆ ಪದಕದ ಮೇಲೆ ಮುದ್ರಿತವಾದುದು ಕೋವಿಯನ್ನೂ ಕತ್ತಿಯನ್ನೂ ಹಿಡಿದ ಕೊಡಗಿನ ಯೋಧನ ಆಕೃತಿ. ಮಡಿಕೇರಿಯಲ್ಲಿ ಅದೇ ವರ್ಷ ನೇಣುಗಂಬವನ್ನೇರಿದ ಗುಡ್ಡೆಮನೆ ಅಪ್ಪಯ್ಯ ಗೌಡನ ಹೆಸರನ್ನು ಇಂದು ಗೌರವದಿಂದ ಸ್ಮರಿಸುವ ನಾವು ಈ ಪದಕದ ಕಥೆಯನ್ನು ಸ್ಮರಣ ಸಂಚಿಕೆಯೆಂಬ ಕಾರಣಕ್ಕಾಗಿ ಮರೆಮಾಚುವುದು ಯುಕ್ತವಲ್ಲ. ಕೋವಿಯ ವಿನಾಯಿತಿಯ ಹಿಂದೆ ಶೌರ್ಯವಿದೆಯೆಂಬುದು ಎಷ್ಟು ಸತ್ಯವೋ, ಪರಕೀಯ ಪ್ರಭುತ್ವಕ್ಕೆ ಸಲ್ಲಿಸಿದ ಸೇವೆಯೂ ಇದೆಯೆಂಬುದು ಅಷ್ಟೇ ಸತ್ಯ. ಕಾಲದ ವಿನೋದವನ್ನು ನೋಡಿ: ಜಮ್ಮಾ ಹಿಡುವಳಿದಾರರಾದ ಅರೆಭಾಷೆಯ ಗೌಡರಿಗೂ ಕೊಡವರಿಗೂ ಇಂದು ವಿನಾಯಿತಿ ಒಂದೇ, ಬಂಡಾಯವೆದ್ದವರ ಮರಿಮಕ್ಕಳೂ ಬಂಡಾಯವನ್ನಡಗಿಸಿದವರ ಮರಿಮಕ್ಕಳೂ ಒಂದೇ ಅಧಿಸೂಚನೆಯ ಎರಡು ಸಾಲುಗಳಲ್ಲಿ ಅಕ್ಕಪಕ್ಕದಲ್ಲಿ ಕುಳಿತಿದ್ದಾರೆ.

1857ರ ಮಹಾಸಂಕ್ಷೋಭವು ಶಮನವಾದ ಮೇಲೆ ಭಾರತೀಯರ ಕೈಯಲ್ಲಿ ಆಯುಧವನ್ನು ಉಳಿಯಗೊಡಬಾರದೆಂಬ ನಿಶ್ಚಯಕ್ಕೆ ಬಂದ ಸರಕಾರವು 1860ರಲ್ಲಿ ನಿರಾಯುಧೀಕರಣದ ಶಾಸನವನ್ನು ಮಾಡಿತು. ಊರೂರುಗಳಲ್ಲಿ ಕತ್ತಿ ಬಂದೂಕುಗಳು ಕಚೇರಿಗಳ ಅಂಗಳಕ್ಕೆ ಬಂದು ಬೀಳುತ್ತಿದ್ದ ಆ ದಿನಗಳಲ್ಲಿ, ಮೈಸೂರು ಕೊಡಗುಗಳ ಕಮಿಷನರನಾಗಿದ್ದ ಮಾರ್ಕ್ ಕಬ್ಬನ್ನನು 1861ರಲ್ಲಿ ಹೊರಡಿಸಿದ ಒಂದು ಪ್ರಕಟಣೆಯು, ಕೊಡಗಿನ ಜನರ ನಿಷ್ಠೆಯನ್ನೂ ಧೈರ್ಯವನ್ನೂ ಅವರು ಸಲ್ಲಿಸಿದ ಸೇವೆಯನ್ನೂ ಕೊಂಡಾಡಿ, ಆ ಶಾಸನವು ಅವರಿಗೆ ಅನ್ವಯಿಸದೆಂದು ಸಾರಿತು. ಸಂಸ್ಥೆಗೆ ಸ್ಥಾಪನೆಯ ದಿನವೊಂದು ಬೇಕೇಬೇಕೆಂದು ಹಟಹಿಡಿಯುವವರು ಈ ವರ್ಷವನ್ನು ಹಿಡಿದುಕೊಳ್ಳಬಹುದು. ಕಬ್ಬನ್ನನಿಗಂತೂ ಅದು ಆಳ್ವಿಕೆಯ ಕೊನೆಯ ಕಾಲ. ಇಪ್ಪತ್ತೇಳು ವರ್ಷ ಅಧಿಕಾರ ನಡೆಸಿ ಸ್ವದೇಶಕ್ಕೆ ಹೊರಟ ಆ ವೃದ್ಧನು ಅದೇ ವರ್ಷ ಮಾರ್ಗಮಧ್ಯದಲ್ಲಿ ಸೂಯೆಜಿನಲ್ಲಿ ತೀರಿಕೊಂಡನು. ಆತನ ಸಹಿಯ ಕಾಗದ ಮಾತ್ರ ಬಾಳಿತು. 1878ರ ಶಸ್ತ್ರಶಾಸನ ಬಂದಿತು, ಸ್ವಾತಂತ್ರ್ಯ ಬಂದಿತು, 1956ರಲ್ಲಿ ಕೊಡಗು ಮೈಸೂರು ರಾಜ್ಯದಲ್ಲಿ ಲೀನವಾಯಿತು. ಕೋವಿ ತನ್ನ ಗೋಡೆಯನ್ನು ಬಿಟ್ಟಿಳಿಯಲಿಲ್ಲ. ಸ್ವತಂತ್ರ ಭಾರತದ ಶಸ್ತ್ರಶಾಸನವು 1959ರಲ್ಲಿ ಅಂಗೀಕೃತವಾಗಿ 1962ರ ಅಕ್ಟೋಬರಿನಲ್ಲಿ ಜಾರಿಗೆ ಬಂದಾಗ, ಅದರ 41ನೆಯ ಪ್ರಕರಣವು ಕೇಂದ್ರ ಸರಕಾರಕ್ಕಿತ್ತ ವಿನಾಯಿತಿಯ ಅಧಿಕಾರದ ಮೇರೆಗೆ 1963ರಲ್ಲಿ ಹೊಸ ಅಧಿಸೂಚನೆ ಹೊರಟಿತು. ಕೊಡವ ಜನಾಂಗದ ಪ್ರತಿಯೊಬ್ಬರಿಗೂ, ಕೊಡಗಿನ ಪ್ರತಿಯೊಬ್ಬ ಜಮ್ಮಾ ಹಿಡುವಳಿದಾರನಿಗೂ ವಿನಾಯಿತಿಯೆಂಬುದು ಅದರ ತಾತ್ಪರ್ಯ. ಹುಟ್ಟಿನ ಮೇಲೊಂದು, ಮಣ್ಣಿನ ಮೇಲೊಂದು, ಹೀಗೆ ಎರಡು ಬಾಗಿಲುಗಳುಳ್ಳ ಮನೆಯಾಯಿತು ಅದು.

ಕಾಗದದ ಚರಿತ್ರೆ ಇಷ್ಟೇ. ಆದರೆ ಕಾಗದವೊಂದೇ ಆಗಿದ್ದರೆ ಈ ಸಂಸ್ಥೆ ಎಂದೋ ಅಳಿದುಹೋಗುತ್ತಿತ್ತು. ಅದರ ಜೀವವಿರುವುದು ಕೈಲ್‌ಪೊಳ್ದ್‌ನಲ್ಲಿ. ‘ಕೈಲ್’ ಎಂದರೆ ಆಯುಧ, ‘ಪೊಳ್ದ್’ ಎಂದರೆ ಹಬ್ಬ. ಕನ್ನಡದವರು ಕೈಲ್ ಮುಹೂರ್ತವೆನ್ನುತ್ತಾರೆ. ನಾಟಿಯ ಕೆಲಸವೆಲ್ಲ ಮುಗಿದು, ಕಕ್ಕಡ ತಿಂಗಳ ಜಡಿಮಳೆ ಹಿಂದೆ ಸರಿದು, ಗದ್ದೆಯಲ್ಲಿ ಪೈರು ಬೇರೂರಿ ನಿಂತಿರುವ ಸೆಪ್ಟೆಂಬರಿನ ಆದಿಯಲ್ಲಿ ಈ ಹಬ್ಬ ಬರುತ್ತದೆ. ನಾಡು ನಾಡಿಗೆ ದಿನ ಹಿಂದುಮುಂದಾಗುವುದುಂಟಾದರೂ ಸೆಪ್ಟೆಂಬರ್ 3 ಎಂಬುದು ಇಂದು ಬಹುಜನರಿಗೆ ಪರಿಚಿತವಾದ ದಿನ. ಉಳುಮೆಯ ತಿಂಗಳುಗಳಲ್ಲಿ ಕೋವಿಗೆ ವಿಶ್ರಾಂತಿ. ಕೈಲ್‌ಪೊಳ್ದ್‌ನಂದು ನೇಗಿಲಿಗೆ ವಿಶ್ರಾಂತಿ. ದುಡಿದ ಎತ್ತುಗಳಿಗೂ ಅಂದು ಉಪಚಾರ. ಮನೆಯ ಆಯುಧಗಳನ್ನೆಲ್ಲ ತೊಳೆದು ಒರೆಸಿ ದೇವರ ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿ, ಗಂಧವಿಟ್ಟು, ನಳಿಗೆಯ ಬಾಯಿಗೆ ‘ತೋಕ್‌ಪೂ’ವನ್ನು ಸಿಕ್ಕಿಸುತ್ತಾರೆ. ಕೆಂಪು ಹಳದಿಯ ಎಸಳುಗಳು ಜ್ವಾಲೆಯಂತೆ ಮೇಲಕ್ಕೆ ತಿರುಗಿರುವ ಈ ಹೂವನ್ನು ನಾವು ಅಗ್ನಿಶಿಖೆಯೆಂದು ಕರೆಯುತ್ತೇವೆ. ಬೇಲಿಬೇಲಿಯಲ್ಲಿ ತಾನಾಗಿ ಹಬ್ಬುವ ಬಳ್ಳಿ, ಗಡ್ಡೆಯಾದರೋ ಘೋರವಿಷ. ಬೆಂಕಿಯುಗುಳುವ ಬಾಯಿಗೆ ಬೆಂಕಿಯ ಆಕಾರದ ಹೂವನ್ನೇ ಆರಿಸಿದವರ ರಸಿಕತೆಗೆ ನಮೋ ಎನ್ನಬೇಕು.

ಪೂಜೆಯಾದ ಬಳಿಕ ಮನೆಯ ಹಿರಿಯನು ಕೋವಿಯನ್ನೆತ್ತಿ ಕಿರಿಯರ ಕೈಗಿಡುತ್ತಾನೆ. ಆಗ ಹೇಳುವ ಹಿತವಚನದ ಭಾವವಿಷ್ಟು: ಹುಲಿಯನ್ನಾಗಲಿ ಹಗೆಯನ್ನಾಗಲಿ ನೀನಾಗಿ ಕೆಣಕಬೇಡ, ಅವರಾಗಿ ಮೇಲೆ ಬಿದ್ದರೆ ಬೆನ್ನು ತೋರಿಸಬೇಡ. ಪರವಾನಿಗೆಯ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವ ಷರತ್ತುಗಳನ್ನು ಯಾರೂ ಓದುವುದಿಲ್ಲ. ಇದನ್ನಾದರೋ ಹಿರಿಯರ ಬಾಯಿಂದ, ಕಡಂಬಿಟ್ಟು ಪಂದಿಕರಿಗಳ ಊಟಕ್ಕೆ ಮೊದಲು, ಕೇಳದೆ ವಿಧಿಯಿಲ್ಲ.

ಈ ಪೂಜೆಯನ್ನು ಕೇವಲ ಭಕ್ತಿಯೆಂದು ತಿಳಿಯುವವರು ಕೋವಿಯ ಪ್ರಕೃತಿಯನ್ನು ಅರಿಯದವರು. ಹಳೆಯ ಕೇಪಿನ ಕೋವಿಯ ಬಗೆಯನ್ನೇ ನೋಡಿ. ನಳಿಗೆಯ ಬಾಯಿಯಿಂದ ಮೊದಲು ಅಳತೆಯ ಕರಿಮದ್ದನ್ನು ಸುರಿದು, ಅದರ ಮೇಲೆ ಕತ್ತದ ಉಂಡೆಯನ್ನಿಟ್ಟು ಗಜದಿಂದ ಜಡಿದು, ಆಮೇಲೆ ಗುಂಡನ್ನೋ ಚರೆಯನ್ನೋ ಇಳಿಸಿ, ಅದು ಉರುಳಿ ಬೀಳದಂತೆ ಮತ್ತೊಂದು ಉಂಡೆಯಿಂದ ಮುಚ್ಚಿ, ಕಡೆಯಲ್ಲಿ ಬುಡದ ಮೊಲೆಯ ಮೇಲೆ ತಾಮ್ರದ ಕೇಪನ್ನು ಕೂಡಿಸಬೇಕು. ಕುದುರೆ ಬಡಿದೊಡನೆ ಕೇಪು ಸಿಡಿದು ಕಿಡಿಯು ಸಣ್ಣ ರಂಧ್ರದಿಂದ ಒಳನುಗ್ಗಿ ಮದ್ದನ್ನು ಮುಟ್ಟುತ್ತದೆ. ಆ ಮದ್ದು ಸುಮಾರು ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದುದು ಇದ್ದಲು ಮತ್ತು ಗಂಧಕ. ಉರಿದ ಮೇಲೆ ನಳಿಗೆಯಲ್ಲಿ ಉಳಿಯುವ ಮಸಿಯು ಗಾಳಿಯ ತೇವವನ್ನು ಹೀರಿಕೊಂಡು ಉಕ್ಕನ್ನು ತಿನ್ನತೊಡಗುತ್ತದೆ. ಮಳೆ ನಿಲ್ಲದ ಕೊಡಗಿನಂಥ ನಾಡಿನಲ್ಲಿ ಒಂದು ಈಡು ಹೊಡೆದು ಹಾಗೆಯೇ ಮೂಲೆಗಿಟ್ಟ ಕೋವಿಯು ಮರುತಿಂಗಳಿಗೆ ತುಕ್ಕಿನ ಕೊಳವೆ. ಬಿಸಿನೀರಿನಿಂದ ನಳಿಗೆಯನ್ನು ತೊಳೆದು, ಬಟ್ಟೆ ಸುತ್ತಿದ ಗಜವನ್ನಾಡಿಸಿ, ಚೆನ್ನಾಗಿ ಆರಿಸಿ ಎಣ್ಣೆ ಸವರುವುದರ ಹೊರತು ಬೇರೆ ಉಪಾಯವಿಲ್ಲ. ಮಳೆಗಾಲದ ಕೊನೆಯಲ್ಲಿ ಒಂದೂ ಬಿಡದಂತೆ ಊರಿನ ಕೋವಿಗಳನ್ನೆಲ್ಲ ಒಂದೇ ದಿನ ಬಿಚ್ಚಿ ಒರೆಸತಕ್ಕದ್ದೆಂದು ಯಾವನಾದರೊಬ್ಬ ಅಧಿಕಾರಿ ಆಜ್ಞೆ ಹೊರಡಿಸಿದ್ದರೆ ಅದನ್ನು ಪಾಲಿಸುವವರೆಷ್ಟು ಮಂದಿ ಇರುತ್ತಿದ್ದರೋ! ದೇವರ ಮುಂದೆ ಕೊಳಕು ಕೋವಿಯನ್ನಿಡುವ ಮನೆ ಮಾತ್ರ ಒಂದೂ ಇಲ್ಲ.

ಕೇಪಿನ ಕೋವಿಯ ಸ್ಥಾನಕ್ಕೆ ಕಾಲಕ್ರಮದಲ್ಲಿ ತೋಟಾಕೋವಿ ಬಂದಿತು. ಒಂಟಿ ನಳಿಗೆ, ಜೋಡು ನಳಿಗೆಗಳ ಈ ಕೋವಿಗಳಲ್ಲಿ ಬಹುತೇಕ 12 ಬೋರಿನವು. ಈ ಲೆಕ್ಕವು ಹೊಸಬರಿಗೆ ವಿಚಿತ್ರವಾಗಿ ತೋರುವುದು: ಒಂದು ಪೌಂಡು ಸೀಸದಿಂದ ಸಮತೂಕದ 12 ಗುಂಡುಗಳನ್ನು ಎರಕಹೊಯ್ದರೆ ಅವುಗಳಲ್ಲೊಂದು ಸರಿಯಾಗಿ ಹಿಡಿಸುವಷ್ಟು ಅಗಲವಾದ ನಳಿಗೆಯೇ 12 ಬೋರು, ಆದುದರಿಂದ ಅಂಕೆ ದೊಡ್ಡದಾದಷ್ಟೂ ನಳಿಗೆ ಸಣ್ಣದು. ರೈಫಲ್ಲಿನ ಜಾತಿ ಬೇರೆ. ಅದರ ನಳಿಗೆಯೊಳಗೆ ತಿರುಪಿನಂತೆ ಕೊರೆದ ಗೆರೆಗಳುಂಟು. ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರವಾಗಿ ಕಳುಹಿಸುತ್ತವೆ. ಸೈನ್ಯದ .303 ತೋಟೆಯನ್ನು ಸಾಮಾನ್ಯರು ಇಟ್ಟುಕೊಳ್ಳಕೂಡದಾದುದರಿಂದ ಇಷಾಪುರದ ಸರಕಾರಿ ಕಾರ್ಖಾನೆಯು ಅದೇ ಸೈನಿಕ ರೈಫಲ್ಲಿನ ಮಾದರಿಯ ಮೇಲೆ .315 ಅಳತೆಯದನ್ನು ಮಾಡಿ ಜನರಿಗೆ ಒದಗಿಸಿತು.

ಕೊಡಗಿನ ಹಳ್ಳಿಯಲ್ಲಿ ಕೋವಿಯು ಬಹುಕಾಲ ಟಪಾಲಿನ ಕೆಲಸವನ್ನೂ ಮಾಡಿತು. ಮನೆಗಳು ಒಂದಕ್ಕೊಂದು ತಾಗಿಕೊಂಡಿರದೆ ಗದ್ದೆಯ ಬದಿಗೊಂದು, ಗುಡ್ಡದ ಓರೆಗೊಂದು ಚೆದರಿರುವ ನಾಡು ಅದು. ಗಂಡುಮಗು ಹುಟ್ಟಿದರೆ ಒಂದು ಈಡು; ಸಾವಾದರೆ ಬೆನ್ನುಬೆನ್ನಿಗೆ ಎರಡು. ಕಣಿವೆಯ ಆಚೆಯವನು ಒಂದನ್ನು ಕೇಳಿ, ಎರಡನೆಯದಕ್ಕಾಗಿ ಉಸಿರು ಹಿಡಿದು ಕಾಯುವ ಆ ಅರ್ಧ ನಿಮಿಷವನ್ನು ಕಲ್ಪಿಸಿಕೊಳ್ಳಿ! ಹುಟ್ಟಿದ ಗಂಡುಕೂಸಿನ ಕೈಗೆ ಹರಳುಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲುಬಾಣವನ್ನು ಮುಟ್ಟಿಸುತ್ತಿದ್ದುದರಿಂದ, ಕೋವಿಗಿಂತ ಹಿಂದೆ ಆ ಸ್ಥಾನದಲ್ಲಿ ಏನಿತ್ತೆಂಬುದು ತಾನಾಗಿ ತಿಳಿಯುತ್ತದೆ. ಇನ್ನು ಸುಗ್ಗಿಯ ಹಬ್ಬವಾದ ಪುತ್ತರಿಯ ರಾತ್ರಿ, ಹುಣ್ಣಿಮೆಯ ಬೆಳಕಿನಲ್ಲಿ ಗದ್ದೆಗಿಳಿದು ಮೊದಲ ಕದಿರಿಗೆ ಕುಡುಗೋಲು ತಾಗುವಾಗ ಹಾರಿಸುವ ಗುಂಡು ಬೇರೆ. ಅದು ವಾರ್ತೆಯಲ್ಲ, ಜಯಘೋಷ.

ಬೇಟೆಯ ಮಾತನ್ನು ಇಲ್ಲಿ ಬಿಡುವಂತಿಲ್ಲ, ಹೆಚ್ಚಾಗಿ ಹೇಳುವಂತೆಯೂ ಇಲ್ಲ. ದೇವರಕಾಡುಗಳಲ್ಲಿ ಬೇಟೆಯ ದೈವವಾದ ಅಯ್ಯಪ್ಪನಿಗೆ ಹರಕೆಯಾಗಿ ಒಪ್ಪಿಸಿದ ಮಣ್ಣಿನ ನಾಯಿಗಳ ಹಿಂಡನ್ನು ಕಂಡವರಿಗೆ ಬೇಟೆಯು ಆ ಜನಜೀವನದಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂಬುದನ್ನು ವಿವರಿಸಬೇಕಾಗಿಲ್ಲ. ಹುಲಿಯನ್ನು ಕೊಂದ ವೀರನಿಗೆ ಮದುವಣಿಗನ ಉಡುಗೆಯುಡಿಸಿ, ಸತ್ತ ಹುಲಿಯ ಪಕ್ಕದಲ್ಲಿ ಕುಳ್ಳಿರಿಸಿ ‘ನರಿ ಮಂಗಲ’ವೆಂಬ ಉತ್ಸವ ಮಾಡುತ್ತಿದ್ದರು. ಕೊಡವ ಭಾಷೆಯಲ್ಲಿ ನರಿಯೆಂದರೆ ಹುಲಿ. ಇದನ್ನರಿಯದ ಬಯಲುಸೀಮೆಯ ಕನ್ನಡಿಗನು ಇಷ್ಟೊಂದು ವೈಭವ ಒಂದು ನರಿಗೆ ಏತಕ್ಕೆಂದು ಬೆರಗಾಗುವುದು ಸಹಜವೇ. 1972ರ ವನ್ಯಜೀವಿ ಸಂರಕ್ಷಣಾ ಶಾಸನದೊಡನೆ ಈ ಅಧ್ಯಾಯ ಮುಗಿಯಿತು, ಮುಗಿದುದು ನ್ಯಾಯವೇ. ಕೋವಿಯನ್ನಿಟ್ಟುಕೊಳ್ಳುವ ವಿನಾಯಿತಿಯು ಮೃಗವನ್ನು ಕೊಲ್ಲುವ ವಿನಾಯಿತಿಯಲ್ಲವೆಂಬುದನ್ನು ಕೆಲವರು ಇನ್ನೂ ಮರೆಯುತ್ತಿರುವುದು ಈ ಸಂಸ್ಥೆಯ ಹೆಸರಿಗೆ ಕಳಂಕವೆಂದು ಬರೆಯಲು ನನಗೆ ಸಂಕೋಚವಿಲ್ಲ.

ಬೇಟೆಯಿಂದ ತೆರವಾದ ಜಾಗಕ್ಕೆ ಬಂದು ನಿಂತುದು ತೆಂಗಿನಕಾಯಿ. ಕಾಯಿಗೆ ಗುಂಡು ಹೊಡೆಯುವ ಪಂದ್ಯ ಹೊಸದಲ್ಲ. ಕೈಲ್‌ಪೊಳ್ದ್‌ನ ಊಟವಾದ ಮೇಲೆ ಊರವರು ಬಯಲಿನಲ್ಲಿ ಸೇರಿ, ಎತ್ತರದ ಮರದ ತುದಿಗೆ ಕಟ್ಟಿದ ಕಾಯನ್ನು ಉರುಳಿಸಲು ಪೈಪೋಟಿ ಮಾಡುವುದು ಹಿಂದಿನಿಂದ ಬಂದ ರೂಢಿ. ಈಗ ಅದಕ್ಕೆ ಸಂಘಗಳು, ಬಹುಮಾನಗಳು, 12 ಬೋರು, .22 ರೈಫಲ್, ಏರ್‌ಗನ್ ಎಂಬ ವಿಭಾಗಗಳು ಬಂದಿವೆ. ಕೋವಿಗೆಂದೇ ‘ತೋಕ್ ನಮ್ಮೆ’ಯೆಂಬ ಪ್ರತ್ಯೇಕ ಉತ್ಸವವೂ ನಡೆಯುತ್ತಿದೆ. ಹೆಂಗಸರೂ ಗುರಿಯಿಡುತ್ತಾರೆ, ಗೆಲ್ಲುತ್ತಾರೆ. ಹುಟ್ಟಿದಾಗ ತನಗಾಗಿ ಈಡು ಹಾರದಿದ್ದವಳು ತಾನೇ ಈಡು ಹಾರಿಸಿ ಕಾಯನ್ನು ಕೆಡಹುವುದನ್ನು ನೋಡುವುದರಲ್ಲಿ ಪ್ರೇಕ್ಷಕನಿಗೊಂದು ವಿಶೇಷ ತೃಪ್ತಿಯುಂಟು.

ಈ ಪಂದ್ಯದಲ್ಲಿ ನೋಡತಕ್ಕದ್ದು ಕಾಯಿ ಒಡೆಯುವುದನ್ನಲ್ಲ, ಒಡೆಯುವುದಕ್ಕೆ ಮುಂಚಿನ ಕ್ಷಣಗಳನ್ನು. ನಯನಳಿಗೆಯ ಕೋವಿಗೆ ರೈಫಲ್ಲಿನಂತೆ ಹಿಂಗುರಿಯಿಲ್ಲ. ತುದಿಯಲ್ಲೊಂದು ಸಣ್ಣ ಲೋಹದ ಮಣಿ, ಅಷ್ಟೇ. ಹಿಂಗುರಿಯ ಕೆಲಸವನ್ನು ಮಾಡತಕ್ಕದ್ದು ಕಣ್ಣು. ಆದುದರಿಂದ ಕೆನ್ನೆಯು ಕೋವಿಯ ಮರದ ಮೇಲೆ ಪ್ರತಿಸಲವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಅದೇ ಸ್ಥಳದಲ್ಲಿ ಕೂರಬೇಕು. ಹೊಸಬನು ಹಿಡಿಯನ್ನು ಭುಜದಿಂದ ದೂರವಿಟ್ಟು, ಸದ್ದಿಗೆ ಹೆದರಿ ಕಣ್ಮುಚ್ಚಿ, ಟ್ರಿಗರನ್ನು ಬಾವಿಯ ಹಗ್ಗದಂತೆ ಜಗ್ಗುತ್ತಾನೆ. ಗುಂಡು ಆಕಾಶಕ್ಕೆ, ಪೆಟ್ಟು ಭುಜಕ್ಕೆ. ಪಳಗಿದವನು ಹಿಡಿಯನ್ನು ಭುಜದ ಕುಳಿಗೆ ಒತ್ತಿ, ಅರ್ಧ ಉಸಿರನ್ನು ಬಿಟ್ಟು ಉಳಿದರ್ಧವನ್ನು ತಡೆದು, ಬೆರಳನ್ನು ನಿಧಾನವಾಗಿ ಮಡಿಸುತ್ತಾನೆ. ಯಾವ ಗಳಿಗೆಯಲ್ಲಿ ಈಡು ಹೊರಟಿತೆಂಬುದು ಅವನಿಗೂ ಒಂದು ಬಗೆಯ ಆಶ್ಚರ್ಯವೇ. ಮರದ ತುದಿಯ ಕಾಯಿ ಗಾಳಿಗೆ ತೂಗುತ್ತಿರುತ್ತದೆಯಾಗಿ ತೂಗಾಟದ ಲಯವನ್ನು ಎಣಿಸುವ ಸಹನೆಯೂ ಬೇಕು. ಇದಕ್ಕೆಲ್ಲ ಮೊದಲು, ಮೂರು ವರ್ಷದ ಪೋರನಿಗೂ ಹೇಳಿಕೊಡುವ ಪಾಠವೊಂದುಂಟು: ಕೋವಿ ಬರಿದಾಗಿದೆಯೆಂದು ಬೇರೆಯವರು ಹೇಳಿದರೆ ನಂಬಬಾರದು, ತಾನೇ ನಳಿಗೆ ಮಡಿಸಿ ನೋಡತಕ್ಕದ್ದು; ಬರಿದಾದ ಕೋವಿಯನ್ನೂ ಮನುಷ್ಯನ ಕಡೆಗೆ ತಿರುಗಿಸತಕ್ಕದ್ದಲ್ಲ.

ಕ್ರೀಡೆಯಾಗಿ ಗುರಿಯಾಟವು ದೇಶದಲ್ಲಿ ಬೇರೊಂದು ಮಾರ್ಗವನ್ನು ಹಿಡಿಯಿತು. ಲೋಕಸಭೆಯ ಮೊದಲ ಸಭಾಧ್ಯಕ್ಷರಾದ ಮಾವಳಂಕರರ ನೇತೃತ್ವದಲ್ಲಿ ರಾಷ್ಟ್ರೀಯ ರೈಫಲ್ ಸಂಘವು 1951ರಲ್ಲಿ ಹುಟ್ಟಿತು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನವನ್ನು ಗೆದ್ದರು. ಅವರು ಗುರಿಯಿಟ್ಟ ಹತ್ತು ಮೀಟರಿನ ಫಲಕದಲ್ಲಿ ಹತ್ತು ಅಂಕದ ಬಿಂದುವಿನ ಅಡ್ಡಗಲ ಅರ್ಧ ಮಿಲಿಮೀಟರು. ಅದರ ಮುಂದೆ ತೆಂಗಿನಕಾಯಿ ಬಲು ದೊಡ್ಡದೆಂದು ಯಾರಾದರೂ ಹಾಸ್ಯಮಾಡಿದರೆ, ಆ ಬಿಂದು ಗಾಳಿಗೆ ತೂಗುವುದಿಲ್ಲವೆಂದು ಕೊಡಗಿನವನು ಉತ್ತರ ಹೇಳಿಯಾನು.

ಕೊನೆಯದಾಗಿ ಮತ್ತೆ ಕಾಗದಕ್ಕೆ ಬರಬೇಕಾಗಿದೆ. ಜಾತಿಯನ್ನೂ ಹಿಡುವಳಿಯನ್ನೂ ನೋಡಿ ಕೆಲವರಿಗೆ ಮಾತ್ರ ವಿನಾಯಿತಿ ಕೊಡುವುದು ಸಂವಿಧಾನದ ಸಮಾನತೆಗೆ ವಿರುದ್ಧವೆಂದು ಉಚ್ಚ ನ್ಯಾಯಾಲಯದ ಮುಂದೆ ತಕರಾರು ಬಂದಿತು. ಪ್ರಶ್ನೆ ಅಲ್ಪವಾದುದಲ್ಲ, ಬ್ರಿಟಿಷರ ಬಹುಮಾನವೊಂದು ಗಣರಾಜ್ಯದಲ್ಲಿ ಏಕೆ ಮುಂದುವರಿಯಬೇಕೆಂದು ಕೇಳುವವನ ಮೇಲೆ ಸಿಟ್ಟಾಗುವುದರಿಂದ ಉತ್ತರ ಹೇಳಿದಂತಾಗದು. ಕೊಡವರು ಯೋಧಪರಂಪರೆಯ ಸಮುದಾಯವೆಂಬುದನ್ನೂ, ಸ್ವಾತಂತ್ರ್ಯಪೂರ್ವದಿಂದ ಈ ವಿನಾಯಿತಿಯನ್ನು ಅನುಭವಿಸುತ್ತ ಬಂದಿದ್ದಾರೆಂಬುದನ್ನೂ, ಅದು ಷರತ್ತುಗಳಿಗೂ ಕಾಲಮಿತಿಗೂ ಒಳಪಟ್ಟುದೆಂಬುದನ್ನೂ ಪರಿಗಣಿಸಿ ನ್ಯಾಯಾಲಯವು 2021ರ ಸೆಪ್ಟೆಂಬರಿನಲ್ಲಿ ಅಧಿಸೂಚನೆಯನ್ನು ಎತ್ತಿಹಿಡಿಯಿತು. ಕಾಲಮಿತಿಯೆಂಬುದೇ ಈ ಚರಿತ್ರೆಯಲ್ಲಿ ಹೊಸ ಮಾತು. 2019ರ ಅಕ್ಟೋಬರ್ 29ರಂದು ಹೊರಟ ಅಧಿಸೂಚನೆಯು ವಿನಾಯಿತಿಯನ್ನು 2029ರ ಅಕ್ಟೋಬರ್ 31ರ ವರೆಗೆ ಮಾತ್ರ ನೀಡಿದೆ. ಈ ಅವಧಿಯೊಳಗೆ ಬೀಳುವ ಕೈಲ್‌ಪೊಳ್ದ್‌ಗಳು ಹತ್ತು. ಹತ್ತನೆಯದರಲ್ಲಿ ನಳಿಗೆಗೆ ಸಿಕ್ಕಿಸಿದ ತೋಕ್‌ಪೂ ಒಣಗಿ ಉದುರಿದ ಮೇಲೆ, ದೆಹಲಿಯ ಕಾಗದಕ್ಕಾಗಿ ಕಾಯಲು ಉಳಿಯುವುದು ಎರಡು ತಿಂಗಳಿಗೂ ಕಡಿಮೆ.